ನೊರೊವೈರಸ್ ಯಾವ ವಯಸ್ಸಿನ ಮಕ್ಕಳಿಗೆ ಜಾಸ್ತಿ ತಗಲುತ್ತದೆ?

ಪುಟ್ಟಿ ಅಮ್ಮ: ಎಂಟು ತಿಂಗಳ ಮಗಳಿಗೆ ನಿನ್ನೆಯಿಂದ ವಾಂತಿ, ಭೇದಿ. ನೊರೊವೈರಸ್ ಇರಬಹುದು ಎಂದರು ಡಾಕ್ಟರು. ಮೊದಲು ಬಂದದ್ದು ನಾಲ್ಕು ವರ್ಷದ ಮಗನಿಗೆ, ಅವನು ಒಂದೇ ದಿನದಲ್ಲಿ ಎದ್ದು ಓಡಾಡಿದ. ಮಗು ಚಿಕ್ಕದಾದಷ್ಟೂ ಇದು ಜಾಸ್ತಿ ತಗಲುತ್ತದೆ, ಅಲ್ವಾ?

ಲ್ಯಾಬ್ ಹುಡುಗ: "ಚಿಕ್ಕದಾದಷ್ಟೂ ಜಾಸ್ತಿ" ತಪ್ಪು ಮೇಡಂ. ಮೊದಲ ಕೆಲವು ತಿಂಗಳು ತಾಯಿಯಿಂದ ಬಂದ ಪ್ರತಿಕಾಯಗಳು ಮಗುವನ್ನು ಕಾಯುತ್ತವೆ, ಎದೆಹಾಲೂ ಕಾಯುತ್ತದೆ. ಆರು ತಿಂಗಳ ಹೊತ್ತಿಗೆ ಆ ಪ್ರತಿಕಾಯ ಇಳಿದುಹೋಗಿರುತ್ತದೆ, ಅದೇ ಹೊತ್ತಿಗೆ ರಾಗಿ ಸರಿ ಶುರು, ಅಂಬೆಗಾಲು ಶುರು, ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ. ಎಂಟು ದೇಶಗಳಲ್ಲಿ ಮಕ್ಕಳನ್ನು ಹುಟ್ಟಿದಾಗಿನಿಂದ ಎರಡು ವರ್ಷ ಗಮನಿಸಿದ ಮಾಲ್-ಎಡ್ ಅಧ್ಯಯನದಲ್ಲಿ ಪಕ್ಕದ ವೆಲ್ಲೂರೂ ಇತ್ತು. ಎರಡು ವರ್ಷದೊಳಗೆ 89% ಮಕ್ಕಳಿಗೆ ಒಮ್ಮೆಯಾದರೂ ನೊರೊವೈರಸ್ ತಗಲಿತ್ತು.

ಪುಟ್ಟಿ ಅಮ್ಮ: "ಎದೆಹಾಲೂ ಕಾಯುತ್ತದೆ" ಅಂತೀರಲ್ಲ, ನಾನು ಇವತ್ತಿಗೂ ಹಾಲು ಕುಡಿಸುತ್ತಿದ್ದೇನೆ. ಹಾಗಾದರೆ ತಪ್ಪು ನನ್ನದಾ?

ತುಮಕೂರು ತಾತ: ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವುದು ಯಾಕಮ್ಮ? ವಸಡು ಕಡಿಯುತ್ತದೆ, ಅದಕ್ಕೆ. ಎಂಟು ತಿಂಗಳು ಅಂದಮೇಲೆ ಇದು ಹಲ್ಲಿನ ಭೇದಿ. ನಮ್ಮ ಮನೆಯ ಎಲ್ಲ ಮಕ್ಕಳಿಗೂ ಆಗಿದೆ. ಸುಮ್ನೆ ಹೊಸ ಹೆಸರು ಹೇಳಿ ಹೆದರಿಸಬೇಡಿ.

ನರ್ಸ್ ಅಕ್ಕ: ಹಲ್ಲಿನ ಭೇದಿ! ಈ ಎರಡು ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ಹಲ್ಲು ಬರುತ್ತಿದೆ, ತಾನೇ ನಿಲ್ಲುತ್ತದೆ ಅಂತ ಮನೆಯಲ್ಲೇ ಇಟ್ಟುಕೊಂಡು, ಕಣ್ಣು ಗುಳಿಬಿದ್ದ ಮೇಲೆ ಕರೆದುಕೊಂಡು ಬರುತ್ತಾರೆ. ಹಲ್ಲು ಬಂದರೆ ಜೊಲ್ಲು ಸುರಿಯುತ್ತದೆ, ಕಿರಿಕಿರಿ ಆಗುತ್ತದೆ. ನೀರಿನ ಹಾಗೆ ಭೇದಿ ಆಗುವುದಿಲ್ಲ.

ತುಮಕೂರು ತಾತ: ಮೈ ಉರಿದರೆ ಸತ್ಯ ಬದಲಾಗುವುದಿಲ್ಲ ತಾಯಿ. ಹಲ್ಲು ಬಂದಾಗಲೇ ಭೇದಿ ಆಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಲ್ಯಾಬ್ ಹುಡುಗ: ಕಂಡದ್ದು ನಿಜ ತಾತ, ಕಾರಣ ಬೇರೆ. ಮೊದಲ ಹಲ್ಲು ಬರುವುದೂ ತಾಯಿಯ ಪ್ರತಿಕಾಯ ಇಳಿಯುವುದೂ ಒಂದೇ ಹೊತ್ತಿಗೆ. 20 ಹಾಲುಹಲ್ಲು ಪೂರ್ತಿ ಬರಲು ಎರಡೂವರೆ ವರ್ಷದವರೆಗೂ ಹಿಡಿಯುತ್ತದೆ. ಆ ನಡುವೆ ಮಗುವಿಗೆ ಏನೇ ಆದರೂ ಹಲ್ಲಿನ ತಲೆಗೆ ಕಟ್ಟಬಹುದು. ಮತ್ತೆ, ನಾಲ್ಕು ವರ್ಷದ ಅಣ್ಣನಿಗೂ ವಾಂತಿ ಆಯಿತಲ್ಲ, ಅವನಿಗೆ ಯಾವ ಹಲ್ಲು ಬಂತು?

ತುಮಕೂರು ತಾತ: ಅವನು ಹೊರಗೆ ಏನು ತಿಂದಿದ್ದನೋ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಪ್ಪ.

ನರ್ಸ್ ಅಕ್ಕ: ಒಂದೇ ಹಗ್ಗ ಅಲ್ಲದೆ ಇನ್ನೇನು? ವೈರಸ್ ಒಳಗೆ ಹೋಗಿ 12ರಿಂದ 48 ಗಂಟೆಗೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅಣ್ಣನಿಗೆ ಆಯಿತು, ಆಮೇಲೆ ತಂಗಿಗೆ. ಲೆಕ್ಕ ಸರಿಯಾಗಿದೆ.

ಮೈಸೂರು ಅಪ್ಪ: ನನಗೆ 89% ಒಂದೇ ಸಾಕು. ಎಲ್ಲರಿಗೂ ಬರುವುದಾದರೆ ಭಯ ಯಾಕೆ? ವೈರಸ್ ಇದ್ದರೂ ಏನೂ ಆಗದ ಮಕ್ಕಳು ಎಷ್ಟೋ ಇದ್ದಾರೆ. ಒಮ್ಮೆ ಬಂದರೆ ಶಕ್ತಿ ಬರುತ್ತದೆ. ನಾವು ರೋಟಾ ಲಸಿಕೆನೂ ಹಾಕಿಸಿದ್ದೇವೆ, ಕೈಗೆ ಸ್ಯಾನಿಟೈಸರ್ ಇದೆ.

ಲ್ಯಾಬ್ ಹುಡುಗ: ರೋಟಾ ಲಸಿಕೆ ರೋಟಾಗೆ ಮಾತ್ರ ಸರ್. ಸ್ಯಾನಿಟೈಸರ್ ನೊರೊಗೆ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರು ಬೇಕು. ನೊರೊದಲ್ಲಿ ಹತ್ತಾರು ಬಗೆ ಇವೆ, ಒಂದು ಬಂದು ಹೋದರೆ ಇನ್ನೊಂದು ಬರುವುದಿಲ್ಲ ಅಂತ ಇಲ್ಲ.

ಮೈಸೂರು ಅಪ್ಪ: "ಅಷ್ಟಾಗಿ" ಅಂದರೆ ಸ್ವಲ್ಪ ನಾಟುತ್ತದೆ. ಸಾಕು ಬಿಡಿ.

ಪುಟ್ಟಿ ಅಮ್ಮ: ಭಯ ಯಾಕೆ ಅಂತ ಕೇಳುವವರು ರಾತ್ರಿ ಮಗು ಎತ್ತಿಕೊಂಡು ಕೂತಿದ್ದಾರಾ? ಈ ವಯಸ್ಸಿಗೆ ಒಣಗಿಹೋಗಲು ಎಷ್ಟು ಹೊತ್ತು ಬೇಕು?

ನರ್ಸ್ ಅಕ್ಕ: ಹೊತ್ತು ಬೇಕಾಗಿಲ್ಲ, ಅದಕ್ಕೇ ಕೂಗಾಡುತ್ತಿದ್ದೇನೆ. ಆರು ತಿಂಗಳೊಳಗಿನ ಮಗುವಿಗೆ ತಗಲುವುದು ಕಡಿಮೆ ಇರಬಹುದು, ತಗಲಿದರೆ ಮೈಯ ನೀರು ಬೇಗ ಹೋಗುತ್ತದೆ. ನಿಮ್ಮ ಮಗುವೂ ಅದರಿಂದ ಬಹಳ ದೂರ ಇಲ್ಲ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಲೀಟರ್ ಅಳತೆಯ ಓಆರ್‌ಎಸ್ ಪೊಟ್ಟಣ ಪೂರ್ತಿ ಹಾಕಿ ಚಮಚ ಚಮಚವಾಗಿ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಜಿಂಕ್ 14 ದಿನ, ಡೋಸ್ ಡಾಕ್ಟರನ್ನು ಕೇಳಿ. ಆರು ಗಂಟೆ ಮೂತ್ರ ಮಾಡದಿದ್ದರೆ, ಮಂಕಾಗಿ ಮಲಗಿದ್ದರೆ, ಈ ಚರ್ಚೆ ಬಿಟ್ಟು ಆಸ್ಪತ್ರೆಗೆ ಹೋಗಿ.

ಪುಟ್ಟಿ ಅಮ್ಮ: ನೋಡಿ, ಚಿಕ್ಕವರಿಗೇ ಜಾಸ್ತಿ ಅಂತ ನಾನು ಹೇಳಿದ್ದೇ ಇದು.

ಲ್ಯಾಬ್ ಹುಡುಗ: ಅದಲ್ಲ ಮೇಡಂ! ತಗಲುವುದು ಆರು ತಿಂಗಳ ನಂತರ ಜಾಸ್ತಿ, ತಗಲಿದ ಮೇಲೆ ನರಳುವುದು ತೀರಾ ಚಿಕ್ಕವರು.

ತುಮಕೂರು ತಾತ: ಆರು ತಿಂಗಳ ನಂತರ ಅಂತ ನೀನೇ ಒಪ್ಪಿದೆಯಲ್ಲ. ಹಲ್ಲು ಬರುವುದೂ ಆಗಲೇ. ಓಆರ್‌ಎಸ್ ಕೊಡಬೇಡ ಅಂತ ನಾನೆಲ್ಲಿ ಹೇಳಿದೆ? ಕೊಡಮ್ಮ. ಹಾಗೇ ಕೆಳಗಿನ ವಸಡು ಮುಟ್ಟಿ ನೋಡಿ ಇಲ್ಲಿ ಬರಿ.

ನರ್ಸ್ ಅಕ್ಕ: ಕೈಯನ್ನು ಸೋಪಿನಲ್ಲಿ ತೊಳೆದು ಮುಟ್ಟಿ.