ತೀರಿಕೊಂಡ ಮಾಸ್ತರರ ಕ್ಯಾಸೆಟ್, ಸ್ಮರಣ ಸಂಚಿಕೆ, ದತ್ತಿ ಬಹುಮಾನ: ಮೊದಲು ಯಾವುದು?

ಮುಧೋಳದ ಶಿಕ್ಷಕಿ:
ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮಾಸ್ತರರು ಹೋದ ತಿಂಗಳು ತೀರಿಕೊಂಡರು. ಇಲ್ಲಿಯ ಶಿಕ್ಷಕರಲ್ಲಿ ಹಲವರು ಮೊದಲು ಅವರ ವಿದ್ಯಾರ್ಥಿಗಳು, ಆಮೇಲೆ ಸಹೋದ್ಯೋಗಿಗಳು. ಸಂಧಿ, ಸಮಾಸಕ್ಕೆ ಉದಾಹರಣೆಯನ್ನು ಹಂತಿ ಪದ (ಕಣದಲ್ಲಿ ರಾಶಿ ಮಾಡುವಾಗಿನ ಹಾಡು), ಬೀಸುಕಲ್ಲಿನ ಪದಗಳಿಂದ ಎತ್ತಿ ಕೊಡುವುದು ಅವರ ಪದ್ಧತಿ. ಅದಕ್ಕಾಗಿಯೇ ಊರೂರು ತಿರುಗಿ ಹಾಡು ಧ್ವನಿಮುದ್ರಿಸಿದ್ದರು. ಸುಮಾರು 40 ಕ್ಯಾಸೆಟ್, ಒಂದು ಟ್ರಂಕಿನಷ್ಟು ನೋಟ್‌ಬುಕ್ ಮನೆಯವರ ಹತ್ತಿರ ಇವೆ. ಎಲ್ಲರೂ ಸೇರಿ 1,50,000 ರೂಪಾಯಿ ಕೂಡಿಸಿದ್ದೇವೆ. ಕೆಲವರು ದತ್ತಿ ಬಹುಮಾನ ಇಡೋಣ ಅಂತಾರೆ, ಕೆಲವರು ಸ್ಮರಣ ಸಂಚಿಕೆ ತರೋಣ ಅಂತಾರೆ. ತಿಳಿದವರು ದಾರಿ ಹೇಳಿ.

ಧ್ವನಿಮುದ್ರಣ, ಬೆಳಗಾವಿ:
ಮೇಡಂ, ಮೊದಲು ಕ್ಯಾಸೆಟ್. ಪುಸ್ತಕ, ಬಹುಮಾನ ಎರಡೂ ಮುಂದಿನ ವರ್ಷಕ್ಕೆ ಹೋದರೂ ನಡೆಯುತ್ತದೆ, ಟೇಪು ಕಾಯುವುದಿಲ್ಲ.

ಸಿಕ್ಕ ಪ್ಲೇಯರಿಗೆ ಹಾಕಬೇಡಿ. ಕ್ಯಾಸೆಟ್ಟಿನ ಒಳಗೆ ಟೇಪಿನ ಹಿಂದೆ ಒತ್ತಿ ಹಿಡಿಯುವ ಸಣ್ಣ ಸ್ಪಂಜಿನ ತುಂಡು ಇರುತ್ತದೆ, ಹಳೆಯ ಕ್ಯಾಸೆಟ್‌ಗಳಲ್ಲಿ ಅದರ ಗೋಂದು ಒಣಗಿ ಉದುರಿರುತ್ತದೆ. ಅದಿಲ್ಲದಿದ್ದರೆ ಧ್ವನಿ ಮಂಕಾಗಿ ಬರುತ್ತದೆ, ಟೇಪು ಕೆಟ್ಟಿದೆ ಎಂದು ಜನ ಎಸೆದುಬಿಡುತ್ತಾರೆ. ಸ್ಕ್ರೂ ಇರುವ ಖಾಲಿ ಕ್ಯಾಸೆಟ್ಟಿನ ಹೊಟ್ಟೆಗೆ ಸುರುಳಿಗಳನ್ನು ಬದಲಾಯಿಸಿದರೆ ಸರಿಹೋಗುತ್ತದೆ. ಬಿಳಿ ಬೂಷ್ಟು ಕಂಡದ್ದನ್ನು ಬೇರೆ ಇಡಿ. ಅಂಥ ಒಂದನ್ನು ಹಾಕಿದರೂ ಬೂಷ್ಟು ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡಿಗೆ ಅಂಟಿ ಉಳಿದವಕ್ಕೆ ದಾಟುತ್ತದೆ. ಅಂಚಿನ ಎರಡು ಪ್ಲಾಸ್ಟಿಕ್ ಚೂರು ಮುರಿಯಿರಿ, ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಬಹಳ ವರ್ಷ ಸುಮ್ಮನಿದ್ದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿ ಆಮೇಲೆ ನುಡಿಸಿ. ಸಿ-120 (120 ನಿಮಿಷದ ಕ್ಯಾಸೆಟ್) ಇದ್ದರೆ ಜೋಪಾನ, ಅದರ ಟೇಪು ಸಿ-60ರ ಅರ್ಧದಷ್ಟೇ ದಪ್ಪ.

ಪ್ರತಿ ನಾಲ್ಕೈದು ಕ್ಯಾಸೆಟ್ಟಿಗೊಮ್ಮೆ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಪ್ರತಿ ಕ್ಯಾಸೆಟ್ಟಿಗೂ ಹೆಡ್ ಪಕ್ಕದ ಸಣ್ಣ ಸ್ಕ್ರೂ ತಿರುವಿ, ತಾಳದ ಸದ್ದು ಅತಿ ತೀಕ್ಷ್ಣವಾಗಿ ಕೇಳುವಲ್ಲಿ ನಿಲ್ಲಿಸಿ. ಮಾಸ್ತರರ ಟೇಪ್ ರೆಕಾರ್ಡರಿನ ಹೆಡ್ ಯಾವ ಓರೆಯಲ್ಲಿತ್ತೋ ಆ ಓರೆಯಲ್ಲೇ ಕೇಳಬೇಕು. ಕಂಪ್ಯೂಟರಿಗೆ ಇಳಿಸುವಾಗ 48 ಕಿಲೊಹರ್ಟ್ಸ್, 24 ಬಿಟ್, ವೇವ್ ಫೈಲ್ ಎಂದು ಆರಿಸಿ. ಸ್ಟೀರಿಯೊದಲ್ಲಿ ಒಂದು ತಾಸಿಗೆ ಸುಮಾರು 1 ಜಿಬಿ, ಆದ್ದರಿಂದ ಜಾಗದ ಚಿಂತೆ ಬೇಡ. ಮೂಲ ಫೈಲಿನ ಗೊರಗೊರ ಸದ್ದನ್ನು ತೆಗೆಯಲು ಹೋಗಬೇಡಿ. ಅದರ ಜೊತೆಗೆ ಗೀಗೀ ಪದದ ತುಂತುಣಿ ಎಂಬ ಒಂಟಿ ತಂತಿಯ ವಾದ್ಯದ ನಾದವೂ ಹೋಗಿಬಿಡುತ್ತದೆ. ಮೂರು ಪ್ರತಿ ಇರಲಿ, ಒಂದು ಬೇರೆ ಊರಲ್ಲಿ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, ಅಲ್ಲಿಗೂ ಪತ್ರ ಬರೆದು ಕೇಳಿ.

ಮುದ್ರಣ, ವಿಜಯಪುರ:
ಅಕ್ಕಾರ, ಕ್ಯಾಸೆಟ್ ಮೊದಲು ಅನ್ನೋದು ಖರೆ. ಆದ್ರ ಲೇಖನ ಕೇಳೋದನ್ನ ಈಗಲೇ ಸುರು ಮಾಡ್ರಿ. "ಗುರುಗಳ ಬಗ್ಗೆ ಬರೀರಿ" ಅಂತ ಬಿಟ್ರ ಎಲ್ಲಾರೂ ಸರಳ, ಸಜ್ಜನ, ಸ್ನೇಹಜೀವಿ ಅಂತಲೇ ಬರಿತಾರ, ಓದಿದವರಿಗೆ ಮನುಷ್ಯಾ ಕಾಣೂದುಲ್ಲ. ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಕೊಡ್ರಿ: ಸಮಾಸದ ಪಾಠ ಹೆಂಗ ಮಾಡ್ತಿದ್ರು, ಉತ್ತರಪತ್ರಿಕೆ ಮ್ಯಾಲ ಏನು ಬರೀತಿದ್ರು, ಹೊಸಾ ಶಿಕ್ಷಕರಿಗೆ ಮೊದಲನೇ ವಾರ ಏನು ಹೇಳ್ತಿದ್ರು. 800 ಶಬ್ದದ ಮಿತಿ ಹಾಕ್ರಿ.

1/8 ಡೆಮಿ ಸೈಜು, 16 ಪುಟಕ್ಕ ಒಂದು ಫಾರ್ಮ್. 128 ಪುಟ ಅಂದ್ರ ಸರಿಯಾಗಿ 8 ಫಾರ್ಮ್. 131 ಆತಂದ್ರ ಮೂರು ಪುಟದ ಸಲುವಾಗಿ ಇನ್ನೊಂದು ಫಾರ್ಮಿನ ಖರ್ಚು. ಹಳೇ ನುಡಿ ತಂತ್ರಾಂಶದೊಳಗ ಟೈಪ್ ಮಾಡಿದ್ದನ್ನ ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು, ಒತ್ತಕ್ಷರ ಜಾಗಾ ಬಿಡ್ತಾವು, ಕರಡು ಎರಡು ಸಲ ತಿದ್ದಲೇಬೇಕು. ಕನ್ನಡ ಮಾಸ್ತರರ ಪುಸ್ತಕದಾಗ ಕಾಗುಣಿತದ ತಪ್ಪು ಇರಬಾರದು. ಫೋಟೋ ವಾಟ್ಸ್‌ಆ್ಯಪಿನ್ಯಾಗ ಹಂಗ ಕಳಿಸಿದ್ರ ಕುಗ್ತಾವು, ಡಾಕ್ಯುಮೆಂಟ್ ಅಂತ ಕಳಸಾಕ ಹೇಳ್ರಿ. 4 ಇಂಚು ಅಗಲ ಅಚ್ಚಾಗಬೇಕಂದ್ರ 1,200 ಪಿಕ್ಸೆಲ್ ಬೇಕು. ಬೈಂಡಿಂಗ್ ಹೊಲಿಗಿದೇ ಮಾಡಸ್ರಿ, ನಮ್ಮ ಬಿಸಲಿಗೆ ಬರೇ ಗೋಂದಿನ ಬೈಂಡಿಂಗ್ ಬಿರಕ್ ಬಿಡ್ತೈತಿ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಪುಕ್ಕಟೆ ಸಿಗ್ತೈತಿ, ರಾಜಾ ರಾಮಮೋಹನ ರಾಯ್ ಏಜೆನ್ಸಿಯ ಜಾಲತಾಣದಾಗ ಅರ್ಜಿ ಹಾಕ್ರಿ.

ನಿವೃತ್ತ ಮುಖ್ಯೋಪಾಧ್ಯಾಯ, ಬಾಗಲಕೋಟೆ:
ದತ್ತಿಯ ಲೆಕ್ಕ ಹೇಳುತ್ತೇನೆ. 1,00,000 ರೂಪಾಯಿ ಠೇವಣಿಗೆ ಬಡ್ಡಿ ಶೇ 6.5 ಎಂದು ಹಿಡಿದರೆ ವರ್ಷಕ್ಕೆ 6,500. ಬಹುಮಾನ 5,000 ಮಾತ್ರ ಇಡಿ, 1,500 ಅಸಲಿಗೆ ಸೇರಲಿ. ಬಂದ ಬಡ್ಡಿಯನ್ನೆಲ್ಲ ಹಂಚಿದ ದತ್ತಿಗಳು ಇಂದು ಪ್ರಮಾಣಪತ್ರದ ಖರ್ಚಿಗೂ ಸಾಲದಂತಾಗಿವೆ. ಮುಖ್ಯೋಪಾಧ್ಯಾಯರ ಒಬ್ಬರ ಸಹಿಯಲ್ಲಿ ಖಾತೆ ಬೇಡ. ವರ್ಗಾವಣೆಯಾದ ಮೇಲೆ ಹೊಸಬರಿಗೆ ಅದು ಇರುವುದೇ ತಿಳಿಯುವುದಿಲ್ಲ. ಶಾಲೆಯವರೊಬ್ಬರು, ಹಳೆಯ ವಿದ್ಯಾರ್ಥಿಗಳಲ್ಲೊಬ್ಬರು, ಇಬ್ಬರ ಸಹಿ ಇರಲಿ. ಎರಡು ವರ್ಷ ವ್ಯವಹಾರವಿಲ್ಲದ ಉಳಿತಾಯ ಖಾತೆ ನಿಷ್ಕ್ರಿಯವಾಗುತ್ತದೆ, 10 ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾಪಸ್ ಪಡೆಯಬಹುದು, ಆದರೆ ಓಡಾಟ ಬಹಳ. ಕನ್ನಡದಲ್ಲಿ ಹೆಚ್ಚು ಅಂಕ ಪಡೆದವರಿಗೆ ಎಂದು ನಿಯಮ ಬರೆಯಬೇಡಿ. ಅದಕ್ಕೆ ಬೇರೆ ಬಹುಮಾನಗಳು ಇದ್ದೇ ಇವೆ. ತಮ್ಮೂರಿನ ಹತ್ತು ಹಾಡು ಬರೆದುಕೊಂಡು, ಹಾಡಿದವರ ಹೆಸರು, ಊರು, ಯಾವ ಸಂದರ್ಭದ ಹಾಡು ಎಂದು ನಮೂದಿಸಿ ತಂದ ವಿದ್ಯಾರ್ಥಿಗೆ ಕೊಡಿ. ಈ ಮಾಸ್ತರರ ಹೆಸರಿಗೆ ಒಪ್ಪುವುದು ಅದೇ.

ಧ್ವನಿಮುದ್ರಣ, ಬೆಳಗಾವಿ:
ಒಂದು ಮಾತು ಬಿಟ್ಟುಹೋಯಿತು. ನೋಟ್‌ಬುಕ್ಕಿನಲ್ಲಿ ಮಾಸ್ತರರು ಬರೆದದ್ದರ ಹಕ್ಕು 60 ವರ್ಷ ವಾರಸುದಾರರದು. ಅಚ್ಚಿಗೂ ಜಾಲತಾಣಕ್ಕೂ ಮನೆಯವರ ಒಪ್ಪಿಗೆ ಬರಹದಲ್ಲೇ ಪಡೆಯಿರಿ. ಅವರಿಗೆ ಬಂದ ಪತ್ರಗಳ ಹಕ್ಕು ಬರೆದವರದು, ಅದು ಬೇರೆ. ಹಾಡಿದವರಿಗೂ ಹಕ್ಕಿದೆ. ನೋಟ್‌ಬುಕ್ಕಿನಲ್ಲಿ ಕ್ಯಾಸೆಟ್ ಸಂಖ್ಯೆಯ ಮುಂದೆ ಅವರ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಪ್ರತಿ ಹಾಡಿನ ಮೊದಲ ಒಂದು ನಿಮಿಷವನ್ನು ಫೋನಿಗೆ ಹಾಕಿಕೊಂಡು ಆಯಾ ಊರಿಗೆ ಹೋಗಿ ಹಿರಿಯರಿಗೆ ಕೇಳಿಸಿ, ಈ ಬ್ಯಾಸಗಿ ರಜೆಯಲ್ಲೇ. ದನಿ ಗುರುತಿಸುವವರೂ ಈಗ ಎಂಬತ್ತರ ಹತ್ತಿರ ಇದ್ದಾರು.