ಸಹಾಯ ಬೇಕು: ಮುಂಬೈನ ಅಂಧೇರಿಯಲ್ಲಿ ಹಳೇ ಬಿಎಂಡಬ್ಲ್ಯು ನೋಡೋಕೆ ಯಾರಾದ್ರೂ ಜೊತೆ ಬರ್ತೀರಾ?

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವ, ಈಗ ಪುಣೆಯ ಚಿಂಚವಾಡದಲ್ಲಿದ್ದೀನಿ. ಭಾನುವಾರ ಅಂಧೇರಿಗೆ ಹೋಗಿ 2014ರ 320ಡಿ ಡೀಸೆಲ್ ನೋಡಬೇಕು. ಮೀಟರಿನಲ್ಲಿ 62,000 ಕಿ.ಮೀ., ಕೇಳ್ತಿರೋದು 11 ಲಕ್ಷ. 'ಆನೆ ತರೋದೇನೋ ತರ್ತೀರಿ, ಮೇವು ಯಾರು ಹಾಕೋದು?' ಅಂತ ಹೆಂಡತಿ ಆಗಲೇ ಕೇಳಿಯಾಯ್ತು.

ನನ್ನ ದೊಡ್ಡ ಭಯ ಮಳೆನೀರು. ಅಂಧೇರಿ ಸಬ್‌ವೇ ಮಳೆಗಾಲದಲ್ಲಿ ಹೇಗೆ ತುಂಬುತ್ತೆ ಅಂತ ನಿಮಗೆ ಹೇಳಬೇಕಾ? ಹಿಂದೊಮ್ಮೆ ಪಾಲಿಶ್ ಹೊಳಪಿಗೆ ಮರುಳಾಗಿ, ನೀರಲ್ಲಿ ಮುಳುಗೆದ್ದ ಗಾಡಿ ಕೊಂಡು ಕೈ ಸುಟ್ಟುಕೊಂಡವ ನಾನು. ಈ ಸಲ ಸೀಟ್ ಬೆಲ್ಟ್ ಪೂರ್ತಿ ಎಳೆದು ಕೆಸರಿನ ಕಲೆ ಇದೆಯಾ ನೋಡ್ತೀನಿ, ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಕಾರ್ಪೆಟ್ ಅಡಿಯ ವಾಸನೆ ಕೂಡ. ಇದರ ಬ್ಯಾಟರಿ ಡಿಕ್ಕಿಯಲ್ಲಿರುತ್ತೆ, ಅದರ ಸುತ್ತಲೂ ಟಾರ್ಚ್ ಹಾಕ್ತೀನಿ. ಮತ್ತೇನು ನೋಡಬೇಕು?

ಎರಡನೇ ಭಯ ಟೈಮಿಂಗ್ ಚೈನ್, ಅಂದ್ರೆ ಎಂಜಿನ್ನಿನ ವಾಲ್ವುಗಳನ್ನ ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸೋ ಸರಪಳಿ. ಎನ್47 (ಬಿಎಂಡಬ್ಲ್ಯುನ ಒಂದು ಡೀಸೆಲ್ ಎಂಜಿನ್) ಆದ್ರೆ ಚೈನ್ ಹಿಂಬದಿ, ಗೇರ್‌ಬಾಕ್ಸ್ ಕಡೆ ಇರುತ್ತೆ. ಬದಲಿಸೋದು ದೊಡ್ಡ ಕೆಲಸ. 'ನಾನು ಬರೋ ಮುಂಚೆ ಸ್ಟಾರ್ಟ್ ಮಾಡಬೇಡಿ' ಅಂತ ಹೇಳಿಟ್ಟಿದ್ದೀನಿ. ಚೈನ್ ಸವೆದಿದ್ರೆ ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿದಾಗ ಬರೋ ಗರಗರ ಸದ್ದು ಗುರುತಿಸೋದು ಹೇಗೆ? ಯಾರ ಹತ್ರಾದ್ರೂ ರೆಕಾರ್ಡಿಂಗ್ ಇದ್ರೆ ಕಳಿಸಿ.

ಅಂಧೇರಿ, ಗೋರೆಗಾಂವ್ ಕಡೆ ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಇರೋ ನಂಬಿಕಸ್ಥ ಮೆಕ್ಯಾನಿಕ್ ಗೊತ್ತಾ? ಮೀಟರ್ ತಿರುಗಿಸಿದ್ದಾರಾ ಅನ್ನೋದೂ ನೋಡಿಸಬೇಕು. ಮುಂದಿನ ವರ್ಷ ಊರಿಗೆ ವಾಪಸ್ ಹೋಗೋ ಯೋಚನೆ ಇದೆ. ಎಂಎಚ್ ಗಾಡಿನ ಎನ್‌ಒಸಿ ತಗೊಂಡು ಕೆಎ ಮಾಡಿಸಿದವರು, ರೋಡ್ ಟ್ಯಾಕ್ಸ್ ಎಷ್ಟು ಬಿತ್ತು ಹೇಳಿ. ಜೊತೆಗೆ ಬರೋರಿಗೆ ಊಟ ನಂದು.