ಸಹಾಯ ಬೇಕು: ಕಾರ್ಡ್ ಹೊರತೆಗೆದರೂ ಪೋರ್ಟುಗಳು ‘ಎನೇಬಲ್ಡ್’ ಎಂದೇ ತೋರಿಸುತ್ತಿವೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೀಣ್ಯದಲ್ಲಿ ಸಂವಹನ ಉಪಕರಣಗಳ ನಿರ್ವಹಣಾ ತಂತ್ರಾಂಶ ಬರೆಯುವ ಸಣ್ಣ ತಂಡದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಆಬ್ಜೆಕ್ಟ್‌ಗಳ (ಉಪಕರಣದ ಒಂದೊಂದು ಭಾಗವನ್ನು ತಂತ್ರಾಂಶದಲ್ಲಿ ಪ್ರತಿನಿಧಿಸುವ ಘಟಕಗಳ) ಸ್ಥಿತಿಗಳನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) 1992ರ ಎಕ್ಸ್.731 ಶಿಫಾರಸಿನಂತೆ ರೂಪಿಸಿದ್ದೇವೆ: ನಿರ್ವಾಹಕರು ಬದಲಿಸಬಹುದಾದ ಅಡ್ಮಿನಿಸ್ಟ್ರೇಟಿವ್ (ಲಾಕ್ ಅಥವಾ ಅನ್‌ಲಾಕ್), ಓದಲು ಮಾತ್ರ ಸಾಧ್ಯವಿರುವ ಆಪರೇಷನಲ್ (ಕೆಲಸ ಮಾಡಬಲ್ಲದಾದರೆ ಎನೇಬಲ್ಡ್, ಇಲ್ಲವಾದರೆ ಡಿಸೇಬಲ್ಡ್), ಬಳಕೆಯನ್ನು ತಿಳಿಸುವ ಯೂಸೇಜ್.

ನಿನ್ನೆ ಪರೀಕ್ಷೆಯ ವೇಳೆ 8 ಪೋರ್ಟುಗಳ ಲೈನ್ ಕಾರ್ಡನ್ನು (ಸಂಪರ್ಕದ ಪೋರ್ಟುಗಳಿರುವ ಫಲಕವನ್ನು) ಚಾಸಿಯಿಂದ, ಅಂದರೆ ಕಾರ್ಡ್‌ಗಳನ್ನು ಕೂರಿಸುವ ಚೌಕಟ್ಟಿನಿಂದ, ಹೊರಗೆಳೆದಾಗ, ಪರದೆಯಲ್ಲಿ ಕಾರ್ಡ್ ಕೂಡಲೇ ‘ಡಿಸೇಬಲ್ಡ್, ನಾಟ್ ಇನ್‌ಸ್ಟಾಲ್ಡ್’ ಎಂದಾಯಿತು. ಆದರೆ ಅದರಡಿಯ ಎಂಟೂ ಪೋರ್ಟುಗಳು ಹಸಿರಾಗಿಯೇ, ಅಂದರೆ ‘ಎನೇಬಲ್ಡ್’ ಎಂದೇ, ಉಳಿದವು. ಕಾವಲು ಕೂತ ಎಂಜಿನಿಯರ್ ಈ ಹಸಿರನ್ನು ನಂಬಿದರೆ ದೋಷ ಹುಡುಕುವುದೇ ತಡವಾಗುತ್ತದೆ ಎಂಬುದು ನನ್ನ ಆತಂಕ. ಆಧಾರವಾದ ಕಾರ್ಡೇ ಇಲ್ಲದಿರುವುದರಿಂದ ಪೋರ್ಟುಗಳು ಡಿಸೇಬಲ್ಡ್ ಆಗಿ, ಅವುಗಳ ಅವೈಲಬಿಲಿಟಿ ಸ್ಟೇಟಸ್ (ಏಕೆ ಲಭ್ಯವಿಲ್ಲ ಎಂದು ತಿಳಿಸುವ ವಿವರ) ‘ಡಿಪೆಂಡೆನ್ಸಿ’ ಎಂದಿರಬೇಕೆಂದು ನಾನು ಅರ್ಥಮಾಡಿಕೊಂಡಿದ್ದೇನೆ. ಅಡ್ಮಿನಿಸ್ಟ್ರೇಟಿವ್ ಸ್ಥಿತಿಯನ್ನಂತೂ ಮುಟ್ಟಬಾರದು. ಕಾರ್ಡ್ ಮರಳಿ ಕೂರಿಸಿದಾಗ ನಿರ್ವಾಹಕರು ಲಾಕ್ ಮಾಡಿದ್ದ ಪೋರ್ಟ್ ಲಾಕ್ ಆಗಿಯೇ ಇರಬೇಕು.

ಈ ಬದಲಾವಣೆಯನ್ನು ಕಾರ್ಡ್ ಆಬ್ಜೆಕ್ಟ್ ಕೆಳಕ್ಕೆ ತಳ್ಳಬೇಕೇ, ಅಥವಾ ಪ್ರತಿ ಪೋರ್ಟ್ ತನ್ನ ಸ್ಥಿತಿಯನ್ನು ಕಾರ್ಡಿನಿಂದ ಲೆಕ್ಕಹಾಕಿಕೊಳ್ಳಬೇಕೇ? ಮೊದಲ ದಾರಿಯಲ್ಲಿ ಒಂದೇ ಘಟನೆಗೆ ಒಂಬತ್ತು ಸೂಚನೆಗಳು ಹೊರಡುತ್ತವೆ. ಇಂಥದ್ದನ್ನು ಕಟ್ಟಿದ ಅನುಭವವಿರುವವರು ದಯವಿಟ್ಟು ತಿಳಿಸಿ. ಲಾಗ್‌ಗಳನ್ನು ಕಳುಹಿಸಲು ಸಿದ್ಧನಿದ್ದೇನೆ.